ಗುಟ್ಟು ರಟ್ಟಾದ ಮೇಲೂ ಉಳಿಯುವ ಕಥೆ

ಕರ್ನಾಟಕದಲ್ಲಿ ದೂರದರ್ಶನದ ಪರದೆ ಮೊದಲು ಬೆಳಗಿದ್ದು ಬೆಂಗಳೂರಿನಲ್ಲಲ್ಲ, ಬಯಲುಸೀಮೆಯ ಹಳ್ಳಿಗಳಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತ ನಡೆಸಿದ ‘ಸೈಟ್’ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾಗಿದ್ದವು. ನಮ್ಮ ರಾಜ್ಯದಿಂದ ಸೇರಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ನಾನು ಹೇಳಹೊರಟಿರುವ ಸೀಮೆಯ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯನ್ನೂ ಒಳಗೊಂಡಿದ್ದ ಜಮಖಂಡಿ, ಈ ಮೂರೂ ತಾಲ್ಲೂಕುಗಳು ಆಗ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಬಿಜಾಪುರ ಜಿಲ್ಲೆಯ ಜನ ಸಾರ್ವಜನಿಕ ಸೆಟ್ಟಿನ ಮುಂದೆ ಗುಂಪಾಗಿ ಕೂತು ಬೇಸಾಯ, ಆರೋಗ್ಯ, ಶಾಲೆಯ ಪಾಠ ನೋಡಿದ್ದರು. ಕಥೆ ಹೇಳುವ ಧಾರಾವಾಹಿ ಬರುವುದಕ್ಕೆ ಇನ್ನೂ ವರ್ಷಗಳು ಹಿಡಿದವು. ಆದರೆ ಅದು ಬಂದಾಗ ಇಲ್ಲಿನ ನೋಡುಗರು ಬರಿಗೈಯಲ್ಲಿ ಕೂತಿರಲಿಲ್ಲ. ಕಥೆಯೊಂದನ್ನು ರಾತ್ರಿಯಿಡೀ ಹೇಗೆ ಹಿಡಿದಿಡಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಸಾವಿರ ವರ್ಷದಿಂದ ಬೆಳೆದು ಬಂದಿತ್ತು. ಕನ್ನಡ ಧಾರಾವಾಹಿಯ ನಾಲ್ಕು ದಶಕಗಳ ಏಳುಬೀಳನ್ನು ಆ ತಿಳಿವಳಿಕೆಯ ಬೆಳಕಿನಲ್ಲಿ ನೋಡಬೇಕೆಂಬುದು ನನ್ನ ವಾದ. ಗುಟ್ಟು ನೋಡುಗನನ್ನು ಬಾಗಿಲವರೆಗೆ ತರುತ್ತದೆ. ಒಳಗೆ ಕೂರಿಸುವುದು ಪಾತ್ರ. ಈ ಎರಡರ ನಡುವಿನ ತೂಕ ತಪ್ಪಿದಾಗಲೆಲ್ಲ ಧಾರಾವಾಹಿ ಸೋತಿದೆ.

ಮುಧೋಳದಿಂದಲೇ ಆರಂಭಿಸೋಣ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಈ ಊರಿನವನು. ಚಾಲುಕ್ಯರ ಆಸ್ಥಾನದಲ್ಲಿ ಅವನು ‘ಗದಾಯುದ್ಧ’ವನ್ನು ಬರೆದಾಗ ಕೇಳುಗರಲ್ಲಿ ಯಾರಿಗೂ ಕಥೆಯ ಕೊನೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಭೀಮನ ಗದೆ ದುರ್ಯೋಧನನ ತೊಡೆಯನ್ನು ಮುರಿಯುತ್ತದೆ. ಪಂಪ ಅದನ್ನು ಆಗಲೇ ಹೇಳಿ ಮುಗಿಸಿದ್ದ. ಹಾಗಿದ್ದೂ ರನ್ನ ಇಡೀ ಭಾರತವನ್ನು ಬಿಟ್ಟು ಯುದ್ಧದ ಕೊನೆಯ ದಿನವನ್ನಷ್ಟೇ ಕೈಗೆತ್ತಿಕೊಂಡ, ಹಿಂದಿನದೆಲ್ಲವನ್ನೂ ಹಿಂತಿರುಗಿ ನೋಡುತ್ತ ಹೇಳಿದ. ಹೆಣಗಳ ನಡುವೆ ಸಂಜಯನೊಡನೆ ನಡೆಯುವ ದುರ್ಯೋಧನ ದ್ರೋಣನನ್ನು ಕಾಣುತ್ತಾನೆ, ತಮ್ಮ ದುಶ್ಶಾಸನನನ್ನು ಕಾಣುತ್ತಾನೆ, ಗೆಳೆಯ ಕರ್ಣನನ್ನು ಕಂಡು ಕುಸಿಯುತ್ತಾನೆ, ವೈರಿಯ ಮಗ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗುತ್ತಾನೆ. ಆಮೇಲೆ ಕೊಳದಲ್ಲಿ ಅಡಗಿ, ಭೀಮನ ಮೂದಲಿಕೆ ತಡೆಯಲಾರದೆ ಮೇಲೆದ್ದು ಬರುತ್ತಾನೆ. ಸಾಯುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಇಲ್ಲಿ ಯಾರಿಗೂ ಇಲ್ಲ. ಸಾಯಲಿರುವ ಈ ಮನುಷ್ಯ ಎಂಥವನು ಎಂಬ ಪ್ರಶ್ನೆ ಮಾತ್ರ ಇದೆ, ಅದಕ್ಕೆ ಪ್ರತಿ ಹೆಣದ ಮುಂದೆಯೂ ಹೊಸ ಉತ್ತರ ಸಿಗುತ್ತದೆ. ಬಿಎಂಶ್ರೀ ಅವರು 1926ರಲ್ಲಿ ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿಸಿ ರಂಗಕ್ಕೆ ತಂದಾಗ, ಅದರೊಳಗಿನ ದುರಂತ ನಾಯಕನನ್ನು ಹೊಸದಾಗಿ ಹುಟ್ಟಿಸಬೇಕಾಗಿರಲಿಲ್ಲ. ರನ್ನ ಅವನನ್ನು ಆಗಲೇ ಕಡೆದಿಟ್ಟಿದ್ದ.

ಪಂಡಿತರ ಕಾವ್ಯದ ಮಾತು ಹಾಗಿರಲಿ, ಜನರ ಆಟಕ್ಕೆ ಬರೋಣ. ಜಮಖಂಡಿ, ಮುಧೋಳ, ಲೋಕಾಪುರ, ಗೋಕಾಕ ಸೀಮೆಯ ಉಸಿರೇ ಆಗಿದ್ದದ್ದು ‘ಶ್ರೀಕೃಷ್ಣ ಪಾರಿಜಾತ’. ಅಪರಾಳ ತಮ್ಮಣ್ಣನ ಹಾಡುಗಳನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ ಮೇಲೆ ಅದು ಹಳ್ಳಿಹಳ್ಳಿಯ ಅಟ್ಟದ ಮೇಲೇರಿತು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಮನೆಮಾತಾಯಿತು. ಕಥೆ ಅಂಗೈಯಗಲ: ನಾರದ ತಂದ ಹೂವು ರುಕ್ಮಿಣಿಯ ಮುಡಿಗೆ ಹೋಯಿತು, ಸತ್ಯಭಾಮೆ ಮುನಿದಳು, ಕೃಷ್ಣ ಸಂತೈಸಬೇಕಾಯಿತು. ಇಷ್ಟನ್ನು ಬೆಳಗಿನ ಜಾವದವರೆಗೆ ಆಡಲು ಘಟನೆಗಳು ಸಾಲವು. ರಾತ್ರಿಯನ್ನು ಹಿಡಿದು ನಿಲ್ಲಿಸುವುದು ಭಾಮೆಯ ಅಭಿಮಾನ, ಅದು ಒಂದೊಂದೇ ಮಜಲು ಇಳಿಯುವ ಬಗೆ, ದೂತಿ ಮತ್ತು ಭಾಗವತನ ನಡುವಿನ ಚುರುಕು ಮಾತು, ಊರಿನ ಆಗುಹೋಗನ್ನೇ ಒಳಗೆ ಎಳೆದುಕೊಳ್ಳುವ ಅವರ ಸವಾಲು-ಜವಾಬು. ಇದೇ ಆಟವನ್ನು ಹತ್ತು ಸಲ ನೋಡಿದವರು ಹನ್ನೊಂದನೆಯ ಸಲಕ್ಕೂ ಚಾಪೆ ಹಾಸಿಕೊಂಡು ಕೂತದ್ದು ಕೊನೆಯನ್ನು ತಿಳಿಯಲು ಅಲ್ಲವಲ್ಲ. ಈ ರಾತ್ರಿಯ ಭಾಮೆ ಹೇಗೆ ಮುನಿಯುತ್ತಾಳೆ, ಹೇಗೆ ಕರಗುತ್ತಾಳೆ ಎಂದು ನೋಡಲು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದದ್ದು. ಭಾರತ, ಭಾಗವತಗಳನ್ನು ಜನ ನೋಡುವುದು ಭಕ್ತಿಯಿಂದ. ಅಲ್ಲಿ ಕುತೂಹಲವಿಲ್ಲದಿದ್ದರೂ ನಡೆಯುತ್ತದೆ. ಯಾರೂ ಕೇಳಿರದ ಹೊಸ ಕಥೆಗೆ, ಅದರಲ್ಲೂ ಕೊಲೆಯ ಕಥೆಗೆ, ಈ ಲೆಕ್ಕ ಹೇಗೆ ಹೊಂದೀತು? ಉತ್ತರ ಇದೇ ಸೀಮೆಯ ಇನ್ನೊಂದು ಸಣ್ಣಾಟದಲ್ಲಿದೆ. ‘ಸಂಗ್ಯಾ ಬಾಳ್ಯಾ’ ಪುರಾಣವಲ್ಲ, ಬೈಲಹೊಂಗಲದ ಕಡೆ 19ನೆಯ ಶತಮಾನದಲ್ಲಿ ನಡೆದದ್ದೆಂದು ಜನ ನಂಬಿಕೊಂಡು ಬಂದ ಕೊಲೆಯ ಕಥೆ. ಸಂಗ್ಯಾ ಈರ್ಯಾನ ಹೆಂಡತಿ ಗಂಗಾಳಿಗೆ ಮನಸೋಲುತ್ತಾನೆ. ಗೆಳೆಯ ಬಾಳ್ಯಾ ನೆರವಾಗುತ್ತಾನೆ. ಕೊನೆಗೆ ಅದೇ ಬಾಳ್ಯಾ ಆಮಿಷಕ್ಕೆ ಬಿದ್ದು ಸಂಗ್ಯಾನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ಪತ್ತೇದಾರಿಗೆ ಬೇಕಾದ ಸರಕೆಲ್ಲ ಇದರಲ್ಲಿದೆ: ಗುಟ್ಟಿನ ಪ್ರೀತಿ, ದ್ರೋಹ, ಸಂಚು, ಹೆಣ. ಕೊಂದವನಾರು ಎಂಬುದನ್ನು ಬಚ್ಚಿಟ್ಟು ಕೊನೆಗೆ ಬಿಚ್ಚಬಹುದಾಗಿತ್ತು. ಆಟ ಕಟ್ಟಿದವರು ಹಾಗೆ ಮಾಡಲಿಲ್ಲ. ಸಂಚು ನಮ್ಮ ಕಣ್ಣೆದುರೇ ಹೆಣೆಯಲ್ಪಡುತ್ತದೆ. ಸಂಗ್ಯಾನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುತ್ತದೆ. ಆದ್ದರಿಂದಲೇ ಬಾಳ್ಯಾ ಗೆಳೆಯನ ಜೊತೆ ಆಡುವ ಒಂದೊಂದು ಮಾತೂ ನೋಡುಗನ ಎದೆಯನ್ನು ಹಿಂಡುತ್ತದೆ. ಇವನು ಕೊನೆಗಳಿಗೆಯಲ್ಲಾದರೂ ಬಾಯಿ ಬಿಟ್ಟಾನೇ ಎಂಬ ಕಾತರ ಕೊಲೆಗಾರನ ಹೆಸರು ತಿಳಿಯುವ ಕಾತರಕ್ಕಿಂತ ಎಷ್ಟೋ ಪಾಲು ದೊಡ್ಡದು. ಚಂದ್ರಶೇಖರ ಕಂಬಾರರು ಈ ಕಥೆಯನ್ನು ಆಧುನಿಕ ರಂಗಕ್ಕೆ ತಂದಾಗಲೂ ಅದರ ಜೀವ ಇದ್ದದ್ದು ಇಲ್ಲಿಯೇ. ಭಕ್ತಿಯ ಹಂಗಿಲ್ಲದ, ನೆರೆಯೂರಿನ ರಕ್ತದ ಕಥೆಗೂ ಈ ಸೀಮೆಯವರು ರನ್ನನ ದಾರಿಯನ್ನೇ ಹಿಡಿದರೆಂಬುದು ನನಗೆ ಬಹಳ ಮಹತ್ವದ ಸಂಗತಿ.

ಇನ್ನು ದೂರದರ್ಶನ. 1984ರ ಜುಲೈನಲ್ಲಿ ‘ಹಮ್ ಲೋಗ್’ ಆರಂಭವಾದಾಗ ದೇಶಕ್ಕೆ ಧಾರಾವಾಹಿಯ ರುಚಿ ಹತ್ತಿತು. 1985ರಲ್ಲಿ ‘ಕರಮ್‌ಚಂದ್’ ಬಂದು ಪತ್ತೇದಾರನೊಬ್ಬನನ್ನು ಮನೆಯೊಳಗೆ ತಂದಿತು. ಇಂದಿಗೂ ನೆನಪಿರುವುದು ಅವನ ಕ್ಯಾರೆಟ್ಟು, ಅವನು ಬಿಡಿಸಿದ ಪ್ರಕರಣಗಳಲ್ಲ. ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿ ಮಾತಾಡಿದರೂ ಕನ್ನಡ ಕಲಾವಿದರ ಮುಖಗಳಿಂದ ನಮ್ಮದೇ ಆಯಿತು. ಆ ಕಾಲದ ಪದ್ಧತಿಯಂತೆ ಧಾರಾವಾಹಿಗೆ ಸಾಮಾನ್ಯವಾಗಿ 13 ಕಂತುಗಳ ಮಂಜೂರಾತಿ ಸಿಗುತ್ತಿತ್ತು, ವಾರಕ್ಕೊಂದು ಕಂತು. ಈ ಸಣ್ಣ ಅಳತೆ ಬರಹಗಾರನಿಗೆ ಒಂದು ಶಿಸ್ತನ್ನು ಹೇರಿತು: ಆರಂಭಿಸುವಾಗಲೇ ಮುಗಿಸುವುದು ಎಲ್ಲಿ ಎಂದು ಗೊತ್ತಿರಬೇಕು. ಕನ್ನಡದ ಅತ್ಯುತ್ತಮ ನಿಗೂಢ ಧಾರಾವಾಹಿ ಹುಟ್ಟಿದ್ದು ಈ ಶಿಸ್ತಿನೊಳಗೆ.

ಅದು 1990ರ ಸುಮಾರಿಗೆ ಸದಾನಂದ ಸುವರ್ಣರು ನಿರ್ದೇಶಿಸಿದ ‘ಗುಡ್ಡದ ಭೂತ’. ತುಳುನಾಡಿನ ಒಂದು ಊರು, ಗುಡ್ಡ, ಗುಡ್ಡದ ಮೇಲಿನ ಭೂತದ ಬಗ್ಗೆ ಊರಿಗಿರುವ ಅಂಜಿಕೆ. ಸಿನಿಮಾದಲ್ಲಿ ಹೆಸರು ಮಾಡುವ ಮುಂಚಿನ ಪ್ರಕಾಶ್ ರೈ ಇದರಲ್ಲಿದ್ದರು. ಶೀರ್ಷಿಕೆ ಗೀತೆಯ ಧಾಟಿ ಎಷ್ಟು ಆಳಕ್ಕಿಳಿದಿತ್ತೆಂದರೆ, 2015ರಲ್ಲಿ ‘ರಂಗಿತರಂಗ’ ಚಿತ್ರ ಅದನ್ನು ಮತ್ತೆ ಕೇಳಿಸಿದಾಗ ಒಂದು ತಲೆಮಾರಿನವರು ತಟ್ಟನೆ ಗುರುತಿಸಿದರು. ಭೂತದ ಗುಟ್ಟು ಎಂದೋ ಬಯಲಾಗಿದೆ, ಆದರೂ ಆ ಧಾರಾವಾಹಿಯ ನೆನಪು ಮಾಸಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಲ್ಲಿ ನಿಗೂಢವಾಗಿದ್ದದ್ದು ಭೂತವಷ್ಟೇ ಅಲ್ಲ, ಅಂಜುವ ಊರು. ಹೆದರಿಕೆ ಯಾರ ಬಾಯಿ ಮುಚ್ಚಿಸುತ್ತದೆ, ಯಾರಿಗೆ ಅದರಿಂದ ಅನುಕೂಲ ಎಂದು ಕೇಳಹೊರಟರೆ ಪ್ರತಿ ಉತ್ತರವೂ ಒಬ್ಬ ಮನುಷ್ಯನ ಹತ್ತಿರ ತಂದು ನಿಲ್ಲಿಸುತ್ತದೆ. ಇದೇ ಸುವರ್ಣರು ಪೂರ್ಣಚಂದ್ರ ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ ಕಥೆಯನ್ನು ಸಿನಿಮಾ ಮಾಡಿದರು. ಇಯಾಲ ಎಂಬವಳ ಸಾವಿನ ಹಿಂದೆ ಬೀಳುವ ಡಾಕ್ಟರ್ ಕುಬಿಯ ಕಥೆ ಅದು. ಸಾವಿನ ಕಾರಣದಷ್ಟೇ, ಅದಕ್ಕಿಂತ ಹೆಚ್ಚಾಗಿ, ಆ ಸಾವು ಈ ಸಾಧು ಮನುಷ್ಯನನ್ನು ಏಕೆ ಕಾಡುತ್ತದೆ ಎಂಬುದು ಓದುಗನನ್ನು ಹಿಡಿಯುತ್ತದೆ. ಒಬ್ಬನೇ ನಿರ್ದೇಶಕ ಹತ್ತಿರ ಹತ್ತಿರದ ವರ್ಷಗಳಲ್ಲಿ ಇಂಥ ಎರಡು ಕೃತಿಗಳಿಗೆ ಕೈಹಾಕಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಇದರ ಇನ್ನೊಂದು ಮುಖ ಕಾಣಿಸಿತು. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ 1990ರ ಏಪ್ರಿಲ್‌ನಲ್ಲಿ ಆರಂಭಿಸಿದ ‘ಟ್ವಿನ್ ಪೀಕ್ಸ್’ ಒಂದು ಹುಡುಗಿಯ ಕೊಲೆಯ ಸುತ್ತ ಒಂದು ಪುಟ್ಟ ಊರನ್ನೇ ಕಟ್ಟಿತ್ತು. ಕೊಂದವನಾರು ಎಂಬುದನ್ನು ಬೇಗ ಹೇಳುವ ಮನಸ್ಸು ಅವರಿಗಿರಲಿಲ್ಲ, ವಾಹಿನಿ ಒತ್ತಾಯಿಸಿತು. ಎರಡನೆಯ ಋತುವಿನ ನಡುವೆ ಗುಟ್ಟು ಬಿಚ್ಚಿದ ಮೇಲೆ ನೋಡುಗರು ಕರಗಿದರು, 1991ರಲ್ಲಿ ಸರಣಿ ನಿಂತಿತು. ಇದನ್ನು ಹಿಡಿದು ‘ನೋಡಿ, ಗುಟ್ಟೇ ಬಂಡವಾಳ, ಅದು ಹೋದರೆ ಎಲ್ಲ ಹೋಯಿತು’ ಎನ್ನುವವರಿದ್ದಾರೆ. ಅದಕ್ಕೆ ಎದುರಾಗಿ ಅದೇ ದೇಶದ ‘ಕೊಲಂಬೊ’ ನಿಂತಿದೆ. 1971ರಿಂದ ಸರಣಿಯಾಗಿ ಬಂದ ಅದರಲ್ಲಿ ಕೊಲೆಗಾರನನ್ನು ಮೊದಲೇ ತೋರಿಸಿಬಿಡುತ್ತಿದ್ದರು, ಆದರೂ ಮಾಸಿದ ಕೋಟಿನ ಆ ಪತ್ತೇದಾರನನ್ನು ಜನ ವರ್ಷಗಟ್ಟಲೆ ನೋಡಿದರು. ಸಂಗ್ಯಾ ಬಾಳ್ಯಾ ನೋಡಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಮುಂದೆ 2004ರಿಂದ 2010ರವರೆಗೆ ಓಡಿದ ‘ಲಾಸ್ಟ್’ ಒಗಟಿನ ಮೇಲೆ ಒಗಟು ಪೇರಿಸಿ, ಕೊನೆಯ ಕಂತಿನಲ್ಲಿ ಒಗಟುಗಳನ್ನು ಬಿಟ್ಟು ಪಾತ್ರಗಳ ಕೈ ಹಿಡಿಯಿತು. ಆ ಕೊನೆ ಸರಿಯೇ ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಕನ್ನಡಕ್ಕೆ ಮರಳಿದರೆ, 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ ದಿನದಿನದ ಧಾರಾವಾಹಿಗೂ ಘನತೆ ಸಾಧ್ಯವೆಂದು ತೋರಿಸಿತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಕಟ್ಟಿದ ಈ ಕಥೆಯಲ್ಲೂ, ಸೀತಾರಾಮ್ ಅವರು ಮುಂದೆ ಈಟಿವಿ ಕನ್ನಡಕ್ಕೆ ಮಾಡಿದ ‘ಮನ್ವಂತರ’, ‘ಮುಕ್ತ’ಗಳಲ್ಲೂ ಮಧ್ಯಮ ವರ್ಗದ ಮನೆ, ಅದರ ಸಾಲ, ಕೆಲಸ, ಮದುವೆಯ ಚಿಂತೆಗಳೇ ನೆಲಗಟ್ಟು. ಸೀತಾರಾಮ್ ಅವರ ಕೋರ್ಟಿನ ದೃಶ್ಯಗಳಿಗಾಗಿಯೇ ಜನ ಕಾದು ಕೂರುತ್ತಿದ್ದರು. ಆ ದೃಶ್ಯಗಳ ಕಸುಬು ನೋಡಿ: ಸತ್ಯವೇನೆಂದು ನೋಡುಗನಿಗೆ ಬಹುಪಾಲು ಗೊತ್ತಿರುತ್ತದೆ. ಕಟಕಟೆಯಲ್ಲಿ ನಿಂತವರು ಅದನ್ನು ಹೇಳುವ ಧೈರ್ಯ ಮಾಡುತ್ತಾರೆಯೇ, ಹೇಳಿದರೆ ಅವರ ಮನೆ ಉಳಿಯುತ್ತದೆಯೇ ಎಂಬುದು ಗೊತ್ತಿರುವುದಿಲ್ಲ. ಬಾಳ್ಯಾ ಬಾಯಿ ಬಿಟ್ಟಾನೇ ಎಂಬ ಹಳೆಯ ಕಾತರ ಕರಿಕೋಟು ತೊಟ್ಟು ಬಂದಂತಿದೆ ಇದು. ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ ಇನ್ನೂ ಒಂದು ಹೆಜ್ಜೆ ಮುಂದಿಟ್ಟು ಉತ್ತರ ಕರ್ನಾಟಕದ ಮನೆತನವನ್ನು ಅಲ್ಲಿಯ ಆಡುಮಾತಿನಲ್ಲೇ ಪರದೆಗೆ ತಂದಿತು. ಅಲ್ಲಿಯವರೆಗೆ ನಮ್ಮ ಧಾರಾವಾಹಿಗಳಲ್ಲಿ ಈ ಕಡೆಯ ಮಾತು ಹೆಚ್ಚಾಗಿ ಕೇಳಿಸುತ್ತಿದ್ದದ್ದು ನಗಿಸಲು ಬರುವ ಪಾತ್ರದ ಬಾಯಲ್ಲಿ. ಆ ಮಾತಿನಲ್ಲಿ ಅಳಬಹುದು, ಮುನಿಯಬಹುದು, ಆಸ್ತಿಯ ಲೆಕ್ಕ ಹಾಕಬಹುದು, ಮೌನವಾಗಿರಬಹುದು ಎಂದು ಸಾಬೀತಾದದ್ದು ಸಣ್ಣ ಸಾಧನೆಯಲ್ಲ.

ಆಮೇಲೆ ಬಂದದ್ದು ಅಂಕಿಯ ಕಾಲ. ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ, ಜೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ ಬಂದವು. ವಾರಕ್ಕೆ ಐದು ಕಂತೆಂದರೂ ವರ್ಷಕ್ಕೆ 260. ಹಿಂದೆ 13 ಕಂತಿಗೆ ಹೆಣೆಯುತ್ತಿದ್ದ ಕಥೆಯನ್ನು ಈಗ ಅದರ ಇಪ್ಪತ್ತು ಪಟ್ಟು ಎಳೆಯಬೇಕು, ಮತ್ತು ಎಲ್ಲಿಗೆ ಮುಗಿಯುತ್ತದೆ ಎಂದು ಬರೆಯುವವರಿಗೇ ಗೊತ್ತಿರುವುದಿಲ್ಲ. ಗುರುವಾರ ಬರುವ ರೇಟಿಂಗ್ ಮುಂದಿನ ವಾರದ ಕಥೆಯನ್ನು ತಿದ್ದುತ್ತದೆ. ಇಂಥ ಕಟ್ಟಿನಲ್ಲಿ ಅಗ್ಗವಾಗಿ ಸಿಗುವ ಸರಕು ಗುಟ್ಟು: ಮುಚ್ಚಿಟ್ಟ ಹುಟ್ಟು, ಮರೆತುಹೋದ ನೆನಪು, ಸತ್ತನೆಂದುಕೊಂಡವನ ಮರಳುವಿಕೆ. ಪ್ರತಿ ಜಾಹೀರಾತಿನ ಮುಂಚೆ ಬಾಗಿಲ ಮರೆಯಲ್ಲಿ ಯಾರೋ ಕೇಳಿಸಿಕೊಳ್ಳುತ್ತಾರೆ. ಗುಟ್ಟು ಇರುವುದು ತಪ್ಪಲ್ಲ. ಇಲ್ಲಿನ ಗುಟ್ಟುಗಳು ಪಾತ್ರದ ಸ್ವಭಾವದಿಂದ ಹುಟ್ಟಿದವಲ್ಲ ಎಂಬುದು ತಪ್ಪು. ಎರಡು ಮಾತಾಡಿದರೆ ತೀರುವ ತಪ್ಪು ತಿಳಿವಳಿಕೆಯನ್ನು ಆರು ತಿಂಗಳು ಕಾಯಲು ಬುದ್ಧಿವಂತ ಸೊಸೆಯನ್ನು ದಡ್ಡಿಯಾಗಿಸಬೇಕಾಗುತ್ತದೆ, ಮಗನನ್ನು ಕಿವುಡನಾಗಿಸಬೇಕಾಗುತ್ತದೆ. ಗುಟ್ಟನ್ನು ಉಳಿಸಲು ಮನುಷ್ಯನನ್ನು ಬಲಿ ಕೊಡುವುದೆಂದರೆ ಇದು. ನಮ್ಮ ಮೆಗಾ ಧಾರಾವಾಹಿಗಳ ನಿಜವಾದ ನಷ್ಟ ಅವುಗಳ ಉದ್ದದಲ್ಲಿಲ್ಲ, ಈ ಬಲಿಯಲ್ಲಿದೆ.

‘ಜನ ನೋಡುತ್ತಾರಲ್ಲ?’ ಎಂಬ ಮರುಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ. ನಿಜ, ನೋಡುತ್ತಾರೆ. ಬನಹಟ್ಟಿಯ ನೇಕಾರರ ಮನೆಗಳಲ್ಲೂ ಮುಧೋಳದ ಕಬ್ಬಿನ ಸೀಮೆಯ ಹಳ್ಳಿಗಳಲ್ಲೂ ಸಂಜೆಯ ಹೊತ್ತು ಟಿವಿ ಉರಿಯುತ್ತದೆ, ಅದನ್ನು ನೋಡುವ ಹೆಣ್ಣುಮಕ್ಕಳನ್ನು ಹೀನಾಯವಾಗಿ ಕಾಣುವ ಟೀಕೆಯನ್ನು ನಾನು ಒಪ್ಪಲಾರೆ. ಇಡೀ ದಿನ ದುಡಿದವರು ಒಂದರ್ಧ ತಾಸು ಬೇರೆ ಮನೆಯ ಸುಖದುಃಖದಲ್ಲಿ ಇರಬಯಸುವುದು ಸಹಜ. ಆದರೆ ಅವರು ಉಳಿದದ್ದು ಯಾವುದಕ್ಕೆ ಎಂದು ಗಮನಿಸಬೇಕು. ಧಾರಾವಾಹಿ ಮುಗಿದ ಮೇಲೆ ನೆನಪಿರುವುದು ಅತ್ತೆಯ ಗತ್ತು, ಅಜ್ಜಿಯ ಒಂದು ಮಾತು, ಮೆಚ್ಚಿನ ಹುಡುಗಿಯ ಹಟ. ಜನ ಪಾತ್ರಕ್ಕಾಗಿ ಉಳಿಯುತ್ತಾರೆ. ವಾಹಿನಿ ಅದನ್ನು ಗುಟ್ಟಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಇನ್ನೊಂದು ಆಕ್ಷೇಪ ಪತ್ತೇದಾರಿ ಪ್ರಿಯರದು, ಅದಕ್ಕೆ ನನ್ನಲ್ಲಿ ಗೌರವವಿದೆ. ಒಗಟು ಬಿಡಿಸುವ ಸುಖ ತನ್ನಷ್ಟಕ್ಕೇ ಒಂದು ಸುಖ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಓದಲೆಂದೇ ಕನ್ನಡ ಓದು ರೂಢಿಸಿಕೊಂಡವರಿದ್ದಾರೆ, ಅಂಥ ಕಥೆಗಳಿಂದ ಮನುಷ್ಯ ಸ್ವಭಾವದ ಆಳವನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಒಪ್ಪುತ್ತೇನೆ. ಆದರೆ ಆ ಕಾದಂಬರಿ ಒಂದು ಸಂಜೆಯ ಓದು. ಓದುಗನೂ ಬರಹಗಾರನೂ ಬೇಗ ಲೆಕ್ಕ ತೀರಿಸಿಕೊಳ್ಳುತ್ತಾರೆ. ಧಾರಾವಾಹಿ ತಿಂಗಳುಗಟ್ಟಲೆ ಮನೆಯೊಳಗೆ ಇರುತ್ತದೆ. ಅಷ್ಟು ಕಾಲ ಕಾದವನಿಗೆ ಕೊನೆಯಲ್ಲಿ ಸಿಗುವ ಒಂದು ಹೆಸರು ಸಾಲದು, ಅದು ಎಂಥ ಹೆಸರಾದರೂ. ಉದ್ದ ಹೆಚ್ಚಾದಷ್ಟೂ ಭಾರ ಪಾತ್ರದ ಮೇಲೆ ಬೀಳುತ್ತದೆ. ಪಾರಿಜಾತದವರು ಒಂದು ರಾತ್ರಿಗೇ ಇದನ್ನು ಅರಿತಿದ್ದರು.

ಹೀಗಿರುವಾಗ ಈ ಸೀಮೆಯ ಒಂದು ಕಥೆ ಇನ್ನೂ ಧಾರಾವಾಹಿಯಾಗಿ ಬರಬೇಕಾಗಿದೆಯೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಮುಧೋಳ ತಾಲ್ಲೂಕಿನ ಹಲಗಲಿ. 1857ರಲ್ಲಿ ಪರವಾನಗಿ ಇಲ್ಲದವರು ಆಯುಧ ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಕಾಯ್ದೆ ಬಂದಾಗ ಇಲ್ಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಗಲ್ಲುಗಳಾದವು. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಲಾವಣಿ ಈ ಕಥೆಯನ್ನು ಉಳಿಸಿತು, ಜೆ.ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಅಚ್ಚಿಗೆ ತಂದ. ಕೊನೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಕೊನೆಯ ಹಿಂದಿನ ದಿನಗಳು: ಆಯುಧ ಕೊಡೋಣ ಎಂದವರು ಯಾರಿದ್ದಿರಬಹುದು, ಬೇಡ ಎಂದವರ ಮನೆಯಲ್ಲಿ ಆ ರಾತ್ರಿ ಏನು ಮಾತಾಯಿತು, ಸುತ್ತಲ ಊರಿನವರು ಯಾವ ಕಡೆ ನಿಂತರು. ಇಷ್ಟನ್ನು 13 ಕಂತಿನಲ್ಲಿ ಹೇಳಬಹುದು. ಕೊಲೆಗಾರನನ್ನು ಬಚ್ಚಿಡುವ ಗೊಡವೆ ಇದರಲ್ಲಿಲ್ಲ, ಅನಾಥ ಕೂಸಿನ ಅದಲುಬದಲು ಬೇಕಿಲ್ಲ. ದೂರದರ್ಶನ ಚಂದನವಾಗಲಿ, ಯಾವುದೇ ಖಾಸಗಿ ವಾಹಿನಿಯಾಗಲಿ ಇದನ್ನು ಕೈಗೆತ್ತಿಕೊಳ್ಳಬೇಕು. ಪಾರಿಜಾತ ಮತ್ತು ಸಣ್ಣಾಟದ ಮೇಳಗಳಲ್ಲಿ ಪಳಗಿದ ಇಲ್ಲಿಯ ಕಲಾವಿದರಿಗೇ ಪಾತ್ರ ಕೊಡಬೇಕು. ಮಾತು ಮುಧೋಳ, ಜಮಖಂಡಿಯವರು ಮನೆಯಲ್ಲಿ ಆಡುವ ಮಾತೇ ಇರಬೇಕು.